ಕಿರು ದಿಕ್ಸೂಚಿ ಹಿಡಿದು ಲ್ಹಾಸಾ ಮುಟ್ಟಿದ ಪಂಡಿತ ನೈನ್ ಸಿಂಗ್

ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದವನಿಗೆ ಮೊದಲು ಬೇಕಾಗುವುದು ದಿಕ್ಕಿನ ಅರಿವು. ರೈಲುನಿಲ್ದಾಣದಿಂದ ಹೊರಬಿದ್ದೊಡನೆ ಮೂಡಣ ಯಾವುದು, ಪಡುವಣ ಯಾವುದು ಎಂದು ತಿಳಿಯದೆ, ವಿಳಾಸದ ಚೀಟಿಯೊಂದನ್ನು ಹಿಡಿದು ಅಲೆದ ಅನುಭವ ನಮ್ಮ ಓದುಗರಲ್ಲಿ ಅನೇಕರಿಗೆ ಇದ್ದೀತು. ಆದರೂ ಇಲ್ಲಿ ದಾರಿ ಕೇಳಿದರೆ ಹೇಳುವವರುಂಟು. ದಾರಿಯನ್ನು ಕುರಿತು ಹೆಚ್ಚು ವಿಚಾರಿಸಿದರೆ ಪ್ರಾಣಕ್ಕೇ ಅಪಾಯವಿದ್ದ ನಾಡಿನಲ್ಲಿ, ಸರಿಯಾದ ನಕಾಶೆಯೇ ಇಲ್ಲದ ಹಾದಿಯಲ್ಲಿ, ಸಣ್ಣದೊಂದು ದಿಕ್ಸೂಚಿಯನ್ನು ದಿನದಿನವೂ ಬಚ್ಚಿಟ್ಟುಕೊಂಡು ನೂರಾರು ಮೈಲು ನಡೆದು, ಟಿಬೆಟ್ಟಿನ ಮಹಾಮಾರ್ಗವನ್ನು ಲೋಕದ ನಕಾಶೆಗೆ ತಂದ ಭಾರತೀಯರೊಬ್ಬರ ಚರಿತ್ರೆಯನ್ನು ನಾವು ಇಂದು ಓದುಗರ ಮುಂದಿಡುತ್ತಿದ್ದೇವೆ. ಅವರೇ ಪಂಡಿತ ನೈನ್ ಸಿಂಗ್ ರಾವತ್.

ಜನನ ಮತ್ತು ಬಾಲ್ಯ

ನೈನ್ ಸಿಂಗರು 1830ನೆಯ ಇಸವಿ ಅಕ್ಟೋಬರ್ 21ರಂದು ಕುಮಾಊಁ ಸೀಮೆಯ ಜೋಹಾರ್ ಕಣಿವೆಯಲ್ಲಿರುವ ಮಿಲಮ್ ಎಂಬ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ಇಂದಿನ ಉತ್ತರಾಖಂಡದ ಪಿಥೋರಾಗಢ ಜಿಲ್ಲೆಗೆ ಸೇರಿದೆ. ಹಿಮನದಿಯೊಂದರ ಬುಡದಲ್ಲಿರುವ ಈ ಊರಿನ ಜನರು ಬೇಸಗೆಯಲ್ಲಿ ಕಣಿವೆಗಳನ್ನು ಹತ್ತಿ ಟಿಬೆಟ್ಟಿನೊಡನೆ ವ್ಯಾಪಾರ ನಡೆಸಿ, ಚಳಿಗಾಲಕ್ಕೆ ಕೆಳಗಿನ ಊರುಗಳಿಗೆ ಇಳಿದು ಬರುತ್ತಿದ್ದರು. ಬಾಲಕ ನೈನ್ ಸಿಂಗರು ತಂದೆ ಅಮರ್ ಸಿಂಗರೊಡನೆ ಗಡಿಯಾಚೆಯ ಸಂತೆಗಳಿಗೆ ಹೋಗಿ ಟಿಬೆಟ್ಟಿನ ಭಾಷೆಯನ್ನೂ ಆ ಜನರ ನಡೆನುಡಿಗಳನ್ನೂ ಕಲಿತರು. ಮನೆಯಲ್ಲಿ ಸಂಪತ್ತೇನೂ ಇರಲಿಲ್ಲ. ಮುಂದೆ ಅವರ ಕೈಹಿಡಿದದ್ದು ಈ ಭಾಷಾಜ್ಞಾನವೇ.

1855ರಿಂದ 1857ರವರೆಗೆ ಜರ್ಮನಿಯ ಭೂಗೋಲಜ್ಞರಾದ ಶ್ಲಾಗಿನ್ಟ್‌ವೈಟ್ ಸಹೋದರರ ಸಂಗಡ ಅವರು ಮಾನಸ ಸರೋವರದ ಕಡೆಗೂ ಲಡಾಖಿಗೂ ಸಂಚರಿಸಿದರು. ತರುವಾಯ ತಮ್ಮ ಊರಿನ ಶಾಲೆಯಲ್ಲಿ ಉಪಾಧ್ಯಾಯರಾದರು. ಶಾಲಾ ಉಪಾಧ್ಯಾಯರನ್ನು ಪಂಡಿತರೆಂದು ಕರೆಯುವ ವಾಡಿಕೆ ಅಲ್ಲಿದ್ದುದರಿಂದ ಆ ಹೆಸರು ಅವರಿಗೆ ಅಂಟಿಕೊಂಡಿತು. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಈ ಬಡ ಉಪಾಧ್ಯಾಯರಿಗೆ ಮೂವತ್ತಮೂರನೆಯ ವಯಸ್ಸಿನಲ್ಲಿ ಅನಿರೀಕ್ಷಿತವಾದ ಕರೆಯೊಂದು ಬಂದಿತು.

ಮೋಜಣಿ ಇಲಾಖೆಯ ಕರೆ

ಭಾರತವನ್ನು ಅಳೆಯುವ ಮಹಾಕಾರ್ಯಕ್ಕೆ ದಕ್ಷಿಣದಲ್ಲಿಯೇ ಆರಂಭವಾದುದನ್ನು ನಾವು ಇಲ್ಲಿ ನೆನೆಯಬಹುದು. ಕರ್ನಲ್ ಲ್ಯಾಂಬ್ಟನ್ನರು 1802ರಲ್ಲಿ ಮದರಾಸಿನ ಹತ್ತಿರವೂ 1804ರಲ್ಲಿ ನಮ್ಮ ಬೆಂಗಳೂರಿನ ಹತ್ತಿರವೂ ಆಧಾರರೇಖೆಗಳನ್ನು ಅಳೆಸಿದ್ದರು. ಆ ತ್ರಿಕೋನ ಮೋಜಣಿಯು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಹಿಮಾಲಯವನ್ನು ಮುಟ್ಟಿ ಅಲ್ಲಿಯೇ ನಿಂತುಹೋಯಿತು. ಗಡಿಯಾಚೆಯ ಟಿಬೆಟ್ಟು ಪರಕೀಯರಿಗೆ ಬಾಗಿಲು ಮುಚ್ಚಿತ್ತು. ಯೂರೋಪಿನ ನಕಾಶೆಗಳಲ್ಲಿ ಅದರ ರಾಜಧಾನಿಯಾದ ಲ್ಹಾಸಾ ನಗರದ ಸ್ಥಾನವು ಬರಿಯ ಅಂದಾಜಿನದಾಗಿತ್ತು. ಮಧ್ಯ ಏಷ್ಯದಲ್ಲಿ ರಷ್ಯದ ಪ್ರಾಬಲ್ಯ ಹೆಚ್ಚುತ್ತಿದ್ದುದರಿಂದ ಆಂಗ್ಲ ಸರಕಾರಕ್ಕೆ ಆ ನಾಡಿನ ಹಾದಿಗಳನ್ನು ಅರಿಯುವ ಆತುರ ಹುಟ್ಟಿತು.

ಆಗ ಇಲಾಖೆಯಲ್ಲಿದ್ದ ಕ್ಯಾಪ್ಟನ್ ಮಾಂಟ್‌ಗೊಮರಿ ಎಂಬುವರು ಒಂದು ಉಪಾಯ ಹೂಡಿದರು. ಬಿಳಿಯರು ಹೋಗಲಾರದ ಕಡೆಗೆ ಭಾರತೀಯರು ಯಾತ್ರಿಕರಾಗಿಯೋ ವರ್ತಕರಾಗಿಯೋ ಹೋಗಬಲ್ಲರು. ಅವರಿಗೆ ಅಳತೆಯ ವಿದ್ಯೆಯನ್ನು ಕಲಿಸಿ ಕಳುಹಿದರೆ ಕಾರ್ಯ ಕೈಗೂಡುವುದು ಎಂಬುದು ಅವರ ಯೋಚನೆ. 1863ರಲ್ಲಿ ಈ ಉಪಾಯದಂತೆ ಮೊದಲು ಯಾರ್ಕಂದಿಗೆ ಹೊರಟವರು ಅಬ್ದುಲ್ ಹಮೀದ್ ಎಂಬ ಒಬ್ಬ ಮುನ್ಷಿಗಳು. ಅವರು ಯಾರ್ಕಂದನ್ನು ಮುಟ್ಟಿದರಾದರೂ ಮರಳುವ ಹಾದಿಯಲ್ಲಿಯೇ ಕಾಲವಾದರು. ಕೈಬರಹದ ಕಾಗದಗಳು ಮಾತ್ರ ಹಿಂದಿರುಗಿದವು. ಆ ಕಾಗದಗಳಲ್ಲಿದ್ದ ಅಳತೆಗಳು ಉಪಯುಕ್ತವಾಗಿದ್ದುದರಿಂದ ಪ್ರಯೋಗವು ಮುಂದುವರಿಯಿತು. 1863ರಲ್ಲಿ ನೈನ್ ಸಿಂಗರನ್ನೂ ಅವರ ದಾಯಾದಿ ಸೋದರರಾದ ಮಣಿ ಸಿಂಗರನ್ನೂ ಶಿಕ್ಷಣಕ್ಕಾಗಿ ಡೆಹರಾಡೂನಿಗೆ ಕರೆಸಲಾಯಿತು.

ದಿಕ್ಕು ಮತ್ತು ಹೆಜ್ಜೆ

ಅಲ್ಲಿ ಅವರು ಕಲಿತ ವಿದ್ಯೆಯ ತಿರುಳು ಸರಳವಾದುದು. ದಿಕ್ಸೂಚಿಯ ಮುಳ್ಳು ಭೂಮಿಯ ಕಾಂತಶಕ್ತಿಯಿಂದ ಉತ್ತರದ ಕಡೆಗೆ ತಿರುಗಿ ನಿಲ್ಲುತ್ತದೆ. ಮುಂದೆ ಕಾಣುವ ಗುಡ್ಡವನ್ನೋ ಗುಡಿಯ ಶಿಖರವನ್ನೋ ಗುರಿಯಾಗಿಟ್ಟು, ಅದು ಉತ್ತರದಿಂದ ಎಷ್ಟು ಅಂಶ ವಾಲಿದೆಯೆಂದು ಮೊದಲು ನೋಡಿಕೊಳ್ಳಬೇಕು. ಆಮೇಲೆ ಅಲ್ಲಿಯವರೆಗಿನ ಹೆಜ್ಜೆಗಳನ್ನು ಎಣಿಸಬೇಕು. ಹಾದಿ ತಿರುಗಿದೆಡೆ ಮತ್ತೆ ದಿಕ್ಕು ನೋಡಬೇಕು, ಮತ್ತೆ ಎಣಿಸಬೇಕು. ಹೀಗೆ ದಿಕ್ಕು ಮತ್ತು ದೂರಗಳ ಸಾಲೊಂದು ಕೈಯಲ್ಲಿದ್ದರೆ ನಡೆದ ಹಾದಿಯನ್ನೆಲ್ಲ ಮೇಜಿನ ಮೇಲೆ ಕುಳಿತು ಕಾಗದದಲ್ಲಿ ಬರೆಯಬಹುದು. ಆದರೆ ಒಂದು ದಿನದ ಲೆಕ್ಕ ತಪ್ಪಿದರೂ ಮುಂದಿನ ಊರುಗಳೆಲ್ಲವೂ ನಕಾಶೆಯಲ್ಲಿ ಸ್ಥಾನಪಲ್ಲಟವಾಗುತ್ತವೆ. ದಿನದ ಜಮಾಖರ್ಚು ಬರೆಯುವ ಗುಮಾಸ್ತರಿಗೆ ಈ ಮಾತಿನ ಮರ್ಮವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಒಂದೇ ಅಳತೆಯ ಹೆಜ್ಜೆಯಿಡುವ ಅಭ್ಯಾಸವನ್ನು ಅವರಿಗೆ ಮಾಡಿಸಲಾಯಿತು. ಸುಮಾರು ಎರಡು ಸಾವಿರ ಹೆಜ್ಜೆಗೆ ಒಂದು ಮೈಲು. ಬೌದ್ಧರ ಜಪಮಾಲೆಯಲ್ಲಿ 108 ಮಣಿಗಳಿರುವುದು ಪದ್ಧತಿ; ಇವರ ಮಾಲೆಯಲ್ಲಿ ನೂರೇ ಮಣಿಗಳು. ನೂರು ಹೆಜ್ಜೆಗೊಮ್ಮೆ ಒಂದು ಮಣಿಯನ್ನು ಸರಿಸಿದರೆ, ಮಾಲೆ ಒಂದು ಸುತ್ತು ಬರುವಾಗ ಹತ್ತು ಸಾವಿರ ಹೆಜ್ಜೆ, ಎಂದರೆ ಐದು ಮೈಲು ಮುಗಿದಂತಾಯಿತು. ಲಾಮಾಗಳು ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಗೆ ಬದಲು ಬರಿಯ ಕಾಗದದ ಚೀಟಿಗಳಿದ್ದವು. ದಿಕ್ಕು ದೂರಗಳನ್ನು ಅವುಗಳ ಮೇಲೆ ಗುರುತುಹಾಕಿ ಒಳಗೆ ಸೇರಿಸಿಬಿಡುತ್ತಿದ್ದರು. ಚಕ್ರ ತಿರುಗಿಸುತ್ತ ಜಪದಲ್ಲಿರುವ ಯಾತ್ರಿಕನನ್ನು ಯಾರೂ ಮಾತನಾಡಿಸುವುದಿಲ್ಲ. ಈ ಸಂಪ್ರದಾಯವೇ ಪಂಡಿತರಿಗೆ ರಕ್ಷೆಯಾಯಿತು. ಕೋನಗಳನ್ನು ಅಳೆಯುವ ಸೆಕ್ಸ್‌ಟಂಟ್ ಯಂತ್ರವು ಪೆಟ್ಟಿಗೆಯ ಕಳ್ಳತಳದಲ್ಲಿ ಅಡಗಿತ್ತು. ಪಾದರಸವನ್ನು ಕವಡೆಗಳಲ್ಲಿ ತುಂಬಿ ಮೇಣದಿಂದ ಮುಚ್ಚಿದ್ದರು. ರಾತ್ರಿ ಅದನ್ನು ಬಟ್ಟಲಿಗೆ ಸುರಿದು, ಅದರಲ್ಲಿ ಪ್ರತಿಬಿಂಬಿಸುವ ನಕ್ಷತ್ರದ ಎತ್ತರವನ್ನು ಅಳೆಯುವುದು. ನೀರು ಕುದಿಯುವ ಉಷ್ಣತೆಯನ್ನು ನೋಡಿ ಸ್ಥಳದ ಎತ್ತರವನ್ನು ಗೊತ್ತುಮಾಡುವುದು. ಕಿರು ದಿಕ್ಸೂಚಿಯಂತೂ ಸದಾ ಮೈಮೇಲೆಯೇ ಇರುತ್ತಿದ್ದಿತು.

ಲ್ಹಾಸಾ ಯಾತ್ರೆ

1865ರ ಜನವರಿಯಲ್ಲಿ ಸೋದರರಿಬ್ಬರೂ ಡೆಹರಾಡೂನಿನಿಂದ ಹೊರಟು ನೇಪಾಳದ ಕಾಠಮಂಡುವನ್ನು ಸೇರಿದರು. ಗಡಿಯ ಕಿರೋಂಗ್ ಎಂಬಲ್ಲಿ ಅಧಿಕಾರಿಗಳು ಸಂಶಯಪಟ್ಟು ಹಿಂದಕ್ಕೆ ಅಟ್ಟಿದರು. ಮಣಿ ಸಿಂಗರು ಬೇರೆ ದಾರಿ ಹಿಡಿದರು. ನೈನ್ ಸಿಂಗರು ಮಾತ್ರ ಲಡಾಖಿ ವರ್ತಕನ ವೇಷ ತೊಟ್ಟು ಜಡೆ ಕಟ್ಟಿಕೊಂಡು ಮತ್ತೊಮ್ಮೆ ಹೊರಟರು. ಜೊತೆಗೆ ಕರೆದೊಯ್ಯುವೆನೆಂದ ವರ್ತಕನೊಬ್ಬ ಹಣ ಪಡೆದು ಕೈಕೊಟ್ಟನು. ಆದರೂ ಎದೆಗುಂದದೆ ಗಡಿಯನ್ನು ದಾಟಿ, ಲಡಾಖಿ ವರ್ತಕರ ತಂಡವೊಂದನ್ನು ಕೂಡಿಕೊಂಡು, ಅಕ್ಟೋಬರ್ ಕೊನೆಗೆ ಶಿಗಾತ್ಸೆಯನ್ನೂ 1866ರ ಜನವರಿ 10ರಂದು ಲ್ಹಾಸಾ ನಗರವನ್ನೂ ಮುಟ್ಟಿದರು.

ಅಲ್ಲಿ ಕಳೆದ ಮೂರು ತಿಂಗಳು ಕಠಿನ ಪರೀಕ್ಷೆಯ ಕಾಲ. ಹಾದಿಖರ್ಚಿನ ಹಣ ಮುಗಿದುಹೋಗಿತ್ತು. ನೇಪಾಳಿ ವರ್ತಕರಿಗೆ ನಮ್ಮ ದೇಶದ ಕ್ರಮದಲ್ಲಿ ಲೆಕ್ಕ ಬರೆಯುವುದನ್ನು ಕಲಿಸಿ ಅವರು ಹೊಟ್ಟೆ ಹೊರೆದರು. ಅಪ್ಪಣೆಯಿಲ್ಲದೆ ನಗರಕ್ಕೆ ಬಂದ ಚೀನೀಯನೊಬ್ಬನ ತಲೆಯನ್ನು ಬಹಿರಂಗವಾಗಿ ಕಡಿದುದನ್ನು ಅವರು ಕಣ್ಣಾರೆ ಕಂಡರು. ಹಿಂದೆ ಗಡಿಯಲ್ಲಿ ತಮ್ಮನ್ನು ತಡೆದಿದ್ದ ಅಧಿಕಾರಿಯನ್ನೇ ಬೀದಿಯಲ್ಲಿ ನೋಡಿ, ಭಯಗೊಂಡು ಬಿಡಾರವನ್ನು ಬದಲಿಸಿದರು. ಕಾಶ್ಮೀರ ಮೂಲದ ಇಬ್ಬರು ಮುಸಲ್ಮಾನ ವರ್ತಕರಿಗೆ ಇವರ ಗುಟ್ಟು ತಿಳಿದುಹೋಯಿತು. ಆ ಸಜ್ಜನರು ಅದನ್ನು ಹೊರಗೆಡಹಲಿಲ್ಲ. ಇಷ್ಟರ ನಡುವೆಯೂ ಪಂಡಿತರು ರಹಸ್ಯವಾಗಿ ಸೂರ್ಯ ನಕ್ಷತ್ರಗಳನ್ನು ಅಳೆದು ಲ್ಹಾಸಾದ ಅಕ್ಷಾಂಶವು 29 ಅಂಶ 39 ಕಲೆಯೆಂದು ನಿರ್ಣಯಿಸಿದರು. ಇಂದಿನ ಅಳತೆಯೂ ಇದಕ್ಕೆ ಸರಿಹೊಂದುತ್ತದೆ.

ಏಪ್ರಿಲಿನಲ್ಲಿ ಲಡಾಖಿ ತಂಡದೊಡನೆ ಹೊರಟು, ತ್ಸಾಂಗ್‌ಪೋ ನದಿಯ ಪಕ್ಕದ ಮಹಾಮಾರ್ಗವನ್ನು ಅಳೆಯುತ್ತ ಮಾನಸ ಸರೋವರದ ಕಡೆಯಿಂದ ಸ್ವದೇಶಕ್ಕೆ ಇಳಿದರು. 1866ರ ಅಕ್ಟೋಬರ್ 27ರಂದು ಡೆಹರಾಡೂನಿನಲ್ಲಿ ಚೀಟಿಗಳ ಕಟ್ಟನ್ನು ಒಪ್ಪಿಸಿದರು. ಅಳೆದ ಹಾದಿ ಸುಮಾರು 1,200 ಮೈಲು. ಮೈಲಿಗೆ ಎರಡು ಸಾವಿರದಂತೆ ಎಣಿಸಿದರೆ ಇಪ್ಪತ್ತನಾಲ್ಕು ಲಕ್ಷ ಹೆಜ್ಜೆ! 31 ಕಡೆ ಅಕ್ಷಾಂಶಗಳು, 33 ಕಡೆ ಎತ್ತರಗಳು ಗೊತ್ತಾಗಿದ್ದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂದು ಸ್ಥಳವು ಉತ್ತರ ದಕ್ಷಿಣವಾಗಿ ಎಲ್ಲಿದೆಯೆಂಬುದನ್ನು ನಕ್ಷತ್ರಗಳಿಂದ ತಿಳಿಯಬಹುದು. ಪೂರ್ವ ಪಶ್ಚಿಮದ ಸ್ಥಾನವನ್ನು ತಿಳಿಯಲು ಸ್ವಲ್ಪವೂ ತಪ್ಪದ ಗಡಿಯಾರ ಬೇಕು. ತಿಂಗಳುಗಟ್ಟಲೆ ಕುಲುಕುವ ಪ್ರಯಾಣದಲ್ಲಿ ಅಂಥದನ್ನು ನಂಬುವಂತಿರಲಿಲ್ಲ. ಪಂಡಿತರ ಹಾದಿಯಾದರೋ ಬಹುಪಾಲು ಪೂರ್ವ ಪಶ್ಚಿಮವಾಗಿಯೇ ಸಾಗಿತ್ತು. ಆದುದರಿಂದ ಆ ನಕಾಶೆಯ ಬೆಲೆಯೆಲ್ಲ ಕಿರು ದಿಕ್ಸೂಚಿಯ ಮುಳ್ಳಿನ ಮೇಲೂ ಅದನ್ನು ಹಿಡಿದವರ ಪ್ರಾಮಾಣಿಕತೆಯ ಮೇಲೂ ನಿಂತಿತ್ತು. ದಣಿದ ದಿನ ನಾಲ್ಕು ಮಣಿಗಳನ್ನು ಸುಮ್ಮನೆ ಸರಿಸಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಮುಂದಿನ ಯಾತ್ರೆಗಳು

1867ರಲ್ಲಿ ಅವರು ಪಶ್ಚಿಮ ಟಿಬೆಟ್ಟಿನ ಥೋಕ್ ಜಾಲುಂಗ್ ಚಿನ್ನದ ಗಣಿಗಳಿಗೆ ನಾಯಕರಾಗಿ ಹೋದರು. ಹದಿನಾರು ಸಾವಿರ ಅಡಿಗೂ ಎತ್ತರದಲ್ಲಿ, ಕೊರೆಯುವ ಗಾಳಿಯಲ್ಲಿ ಜನರು ಅಲ್ಲಿ ಮಣ್ಣನ್ನು ತೊಳೆದು ಚಿನ್ನ ತೆಗೆಯುತ್ತಿದ್ದರು. 1873ರಲ್ಲಿ ಯಾರ್ಕಂದಿಗೆ ಹೊರಟ ಫೋರ್ಸಿತರ ನಿಯೋಗದಲ್ಲಿಯೂ ಭಾಗಿಯಾದರು.

ಕೊನೆಯದೂ ಅತಿ ಕಷ್ಟತರವಾದುದೂ 1874ರ ಯಾತ್ರೆ. ಜುಲೈಯಲ್ಲಿ ಲಾಮಾ ವೇಷದಿಂದ ಲೇಹ್ ಪಟ್ಟಣವನ್ನು ಬಿಟ್ಟು, ಕುರಿಗಳ ಬೆನ್ನಿನ ಮೇಲೆ ಸಾಮಾನು ಹೇರಿಕೊಂಡು, ಉತ್ತರದ ಮರಳುಗಾಡಿನಂಥ ಪ್ರಸ್ಥಭೂಮಿಯ ಮೂಲಕ ನವೆಂಬರಿನಲ್ಲಿ ಮತ್ತೆ ಲ್ಹಾಸಾ ಸೇರಿದರು. ಗುರುತು ಸಿಕ್ಕೀತೆಂಬ ಭೀತಿಯಿಂದ ಎರಡೇ ದಿನಗಳಲ್ಲಿ ಅಲ್ಲಿಂದ ಹೊರಟು ದಕ್ಷಿಣಕ್ಕೆ ತಿರುಗಿದರು. ತವಾಂಗಿನಲ್ಲಿ ವಾರಗಟ್ಟಲೆ ತಡೆಹಿಡಿಯಲ್ಪಟ್ಟು, 1875ರ ಮಾರ್ಚ್ 1ರಂದು ಅಸ್ಸಾಮಿನ ಉದಾಲ್‌ಗುಡಿಯನ್ನು ತಲುಪಿದರು. ಹಿಮದ ಬೆಳಕಿನಲ್ಲಿಯೂ ಮಂಕು ದೀಪದಲ್ಲಿಯೂ ಸೂಕ್ಷ್ಮ ಅಳತೆಗಳನ್ನು ನೋಡಿದ ಕಣ್ಣುಗಳು ಕೆಟ್ಟಿದ್ದವು, ದೇಹಾರೋಗ್ಯವೂ ಕುಸಿದಿತ್ತು. ಅವರು ಮತ್ತೆ ಇಂಥ ಯಾತ್ರೆಗೆ ಹೊರಡಲಿಲ್ಲ.

ಮರೆಯಲ್ಲಿದ್ದ ಹೆಸರು

ಇಷ್ಟೆಲ್ಲವನ್ನು ಸಾಧಿಸಿದವರ ಹೆಸರು ಬಹುಕಾಲ ಲೋಕಕ್ಕೆ ತಿಳಿದಿರಲಿಲ್ಲ. 1868ರಲ್ಲಿ ಲಂಡನ್ನಿನ ರಾಜಮನೆತನದ ಭೂಗೋಲ ಸಂಘವು ಲ್ಹಾಸಾ ಯಾತ್ರೆಯ ವೃತ್ತಾಂತವನ್ನು ಪ್ರಕಟಿಸಿದಾಗ ಅದರ ಕರ್ತೃಸ್ಥಾನದಲ್ಲಿದ್ದುದು ಮಾಂಟ್‌ಗೊಮರಿಯವರ ಹೆಸರು. ನಡೆದವರು ಅದರೊಳಗೆ ಪಂಡಿತ ಎಂಬ ಒಂದೇ ಮಾತಿನಲ್ಲಿ ಅಡಗಿದ್ದರು. ಹೆಸರು ಹೊರಬಿದ್ದಿದ್ದರೆ ಮುಂದಿನ ಯಾತ್ರೆಯಲ್ಲಿ ತಲೆ ಉಳಿಯುತ್ತಿರಲಿಲ್ಲವಾದುದರಿಂದ ಈ ಗೋಪ್ಯ ಅಗತ್ಯವೇ ಆಗಿತ್ತು. ಆದರೂ ದುಡಿದವರೊಬ್ಬರು, ಹೆಸರು ಪಡೆದವರು ಮತ್ತೊಬ್ಬರು ಎಂಬ ವ್ಯಥೆ ಇದರಿಂದ ಇಲ್ಲವಾಗುವುದಿಲ್ಲ. ನಿವೃತ್ತಿಯ ತರುವಾಯ 1877ರಲ್ಲಿ ಅದೇ ಸಂಘವು ನೈನ್ ಸಿಂಗರ ಹೆಸರು ಹೇಳಿ ಸುವರ್ಣ ಪದಕವನ್ನು ನೀಡಿತು. ಸರಕಾರವು ಸಿ.ಐ.ಇ. ಬಿರುದನ್ನೂ ಒಂದು ಗ್ರಾಮದ ಜಹಗೀರನ್ನೂ ಕೊಟ್ಟಿತು. ಅವರು ತಮ್ಮ ವಿದ್ಯೆಯನ್ನು ಕಿರಿಯರಿಗೆ ಕಲಿಸಿದರು. ಅಕ್ಷಾಂಶ ದರ್ಪಣ ಎಂಬ ಗ್ರಂಥವನ್ನೂ ರಚಿಸಿದರು.

ಅವರ ಕಾರ್ಯವು ಪರಕೀಯ ಸರಕಾರದ ಹಿತಕ್ಕಾಗಿ ನಡೆದ ಗುಪ್ತ ಕಾರ್ಯವೆಂಬುದನ್ನು ನಾವು ಮರೆಮಾಚುವುದಿಲ್ಲ. ಬಾಗಿಲು ಮುಚ್ಚಿಕೊಂಡ ಟಿಬೆಟ್ಟಿನ ಜನರ ಭಯವು ನಿರಾಧಾರವಾಗಿರಲಿಲ್ಲ. 1904ರಲ್ಲಿ ಆಂಗ್ಲ ಸೈನ್ಯವು ಲ್ಹಾಸಾವನ್ನು ಹೊಕ್ಕಿತು. ತಮ್ಮ ಅಳತೆಯನ್ನು ಮುಂದೆ ಯಾರು ಯಾವುದಕ್ಕೆ ಬಳಸುವರೆಂಬುದು ಮೋಜಣಿದಾರನ ಕೈಯಲ್ಲಿರಲಿಲ್ಲ. ಅಳತೆ ಸರಿಯಾಗಿರುವಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿತ್ತು. ಅದರಲ್ಲಿ ಅವರು ಕೊರತೆ ಮಾಡಲಿಲ್ಲ.

1962ರ ಯುದ್ಧದ ಬಳಿಕ ಗಡಿಯ ವ್ಯಾಪಾರ ನಿಂತು, ಮಿಲಮ್ ಗ್ರಾಮದ ಜನರು ಜೀವನೋಪಾಯಕ್ಕಾಗಿ ಕೆಳಗಿಳಿದರು. ಅಲ್ಲಿಯ ಮನೆಗಳು ಬಹುಮಟ್ಟಿಗೆ ಬರಿದಾದವು. 2004ರಲ್ಲಿ ಭಾರತದ ಅಂಚೆ ಇಲಾಖೆಯು ಆ ಊರಿನ ಪಂಡಿತರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಇಂದು ಕಿಸೆಯ ಮೊಬೈಲಿನಲ್ಲಿಯೇ ದಿಕ್ಸೂಚಿ ಇರುತ್ತದೆ. ಬೇಕೆಂದಾಗ ತೆರೆದು ನೋಡಬಹುದು. ಪರರ ಊರಿನಲ್ಲಿ ಪರರ ಲೆಕ್ಕವನ್ನು ಬರೆದು, ಪರರ ಹೆಸರಿನ ಅಂಗಡಿಯಲ್ಲಿ ದುಡಿಯುವ ನಮ್ಮ ಓದುಗರು ಅದನ್ನು ತೆರೆದಾಗ ಒಮ್ಮೆಯಾದರೂ, ಯಾರೂ ನೋಡದ ಹಾದಿಯಲ್ಲಿ ನೂರಕ್ಕೆ ಒಂದೇ ಮಣಿ ಸರಿಸಿದ ಆ ಬಡ ಉಪಾಧ್ಯಾಯರನ್ನು ನೆನೆಯಲಿ ಎಂಬುದು ನಮ್ಮ ಆಶಯ.