ಬೆಟಗೇರಿಯ ಹುಡುಗ, ಧಾರವಾಡದ ಗೆಳೆಯರು

ಮಕ್ಕಳೇ, ನವೆಂಬರ್ ಹತ್ತಿರ ಬಂತೆಂದರೆ ಕನ್ನಡ ಕೂಟಗಳಲ್ಲಿ ‘ಎನಿತು ಇನಿದು’ ಹಾಡಿನ ತಾಲೀಮು ಶುರುವಾಗುತ್ತದೆ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದು ಬಾಯಿಪಾಠ. ಬರೆದವರು ಯಾರು ಎಂದರೆ ಮಾತ್ರ ಕೆಲವರು ಕುವೆಂಪು ಎನ್ನುತ್ತೀರಿ, ಕೆಲವರು ಬೇಂದ್ರೆ ಎನ್ನುತ್ತೀರಿ. ಇಬ್ಬರೂ ಅಲ್ಲ. ಆ ಹಾಡು ಬೆಟಗೇರಿ ಕೃಷ್ಣಶರ್ಮರದು. ‘ಆನಂದಕಂದ’ ಎಂಬುದು ಅವರ ಕಾವ್ಯನಾಮ. ಬೇಂದ್ರೆ ಎಂದವರಿಗೆ ಬೇಕಾದರೆ ಅರ್ಧ ಅಂಕ ಕೊಡೋಣ. ಯಾಕೆಂದರೆ ಇವರಿಬ್ಬರೂ ಗೆಳೆಯರು, ನಾನು ಹೇಳಹೊರಟಿರುವುದೂ ಆ ಗೆಳೆತನದ ಕಥೆಯನ್ನೇ.

ಮೊದಲು ಅವರ ಸೀಮೆಯನ್ನು ನೋಡಿಬರೋಣ. ನಕಾಶೆಯಲ್ಲಿ ಬೆಳಗಾವಿ ಜಿಲ್ಲೆ ಹುಡುಕಿ, ಘಟಪ್ರಭಾ ನದಿಯ ಮೇಲೆ ಬೆರಳಿಡಿ. ಸಹ್ಯಾದ್ರಿಯಲ್ಲಿ ಹುಟ್ಟಿದ ಈ ಹೊಳೆ ಪೂರ್ವಕ್ಕೆ ಹರಿದು ಹುಕ್ಕೇರಿ ತಾಲೂಕಿಗೆ ಬರುತ್ತದೆ. ಈಗ ಅಲ್ಲಿ ಹಿಡಕಲ್ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಕೃಷ್ಣಶರ್ಮರ ಬಾಲ್ಯದಲ್ಲಿ ಅಣೆಕಟ್ಟು ಇರಲಿಲ್ಲ. ಹುಕ್ಕೇರಿ ಪೇಟೆಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಅಲ್ಲಿಂದ ಮುಂದೆ ಗೋಕಾಕ. ಊರಿನ ಸಮೀಪ ಹೊಳೆ ಒಮ್ಮೆಗೇ 171 ಅಡಿ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ನೀರು ಕೆಂಪಾಗಿ, ಕುದುರೆ ಲಾಳದ ಆಕಾರದಲ್ಲಿ ಬೀಳುವುದನ್ನು ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ಈ ಜಲಪಾತದ ನೀರಿನಿಂದ 1887ರಲ್ಲೇ ವಿದ್ಯುತ್ ತಯಾರಾಯಿತು, ದಂಡೆಯ ಮೇಲಿನ ನೂಲಿನ ಗಿರಣಿಗೆ ಅದರಿಂದ ಬಲ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಇನ್ನೂ ಬಹಳ ವರ್ಷ ಎಣ್ಣೆ ದೀಪವೇ ಗತಿ. ಪಕ್ಕದ ಮೂಡಲಗಿ ಮೊನ್ನೆ ಮೊನ್ನೆಯವರೆಗೆ ಗೋಕಾಕ ತಾಲೂಕಿನಲ್ಲೇ ಇತ್ತು, ಈಗ ಅದೇ ಒಂದು ತಾಲೂಕು.

ಎಣ್ಣೆ ದೀಪದ ಅಂಥ ಹಳ್ಳಿಗಳಲ್ಲೊಂದು ಬೆಟಗೇರಿ. ಕೃಷ್ಣಶರ್ಮರು ಅಲ್ಲಿ 1900ರ ಏಪ್ರಿಲ್ 16ರಂದು ಹುಟ್ಟಿದರು.

ಆ ಕಾಲದ ಗೋಕಾಕ ಸೀಮೆಯ ಹುಡುಗರಿಗೆ ಟಿವಿ ಇಲ್ಲ, ಸಿನೆಮಾ ಇಲ್ಲ, ಕೈಗೆ ಪುಸ್ತಕ ಸಿಗುವುದೂ ಅಪರೂಪ. ಆದರೆ ಪಾರಿಜಾತ ಇತ್ತು. ‘ಶ್ರೀಕೃಷ್ಣ ಪಾರಿಜಾತ’ ಎಂಬ ಬಯಲಾಟವನ್ನು ನೀವು ನೋಡಿರಲಿಕ್ಕಿಲ್ಲ, ಅದಕ್ಕೇ ಕೊಂಚ ವಿವರವಾಗಿ ಹೇಳುತ್ತೇನೆ. ನಾರದ ದೇವಲೋಕದಿಂದ ಒಂದು ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಕಥೆ ಇಷ್ಟೇ! ಆದರೆ ಭಾಮೆಯ ಸಿಟ್ಟು ಇಳಿಯುವಷ್ಟರಲ್ಲಿ ಮೂಡಣ ಕೆಂಪೇರಿರುತ್ತದೆ. ರಾತ್ರಿ ಊಟ ಮುಗಿಸಿ, ಕಂಬಳಿ ಹೊದ್ದು ಬಯಲಲ್ಲಿ ಕೂತ ಜನ ಬೆಳಗಿನವರೆಗೆ ಏಳುವುದಿಲ್ಲ. ಹಾರ್ಮೋನಿಯಂ, ತಬಲಾ, ತಾಳ, ಅದರ ಮೇಲೆ ಎತ್ತರದ ದನಿಯ ಹಾಡು. ವೇಷ ಕಟ್ಟಿ ಬಂದವರನ್ನೆಲ್ಲ ಭಾಗವತ ‘ನೀವು ಯಾರು, ಎತ್ತಣವರು’ ಎಂದು ವಿಚಾರಿಸಿಕೊಳ್ಳುತ್ತಾನೆ. ನನಗೆ ಎಲ್ಲರಿಗಿಂತ ಇಷ್ಟವಾಗುವುದು ದೂತಿ. ರಾಣಿಯರು, ದೇವರು ಎಲ್ಲ ಗತ್ತಿನಿಂದ ಹಾಡುತ್ತಿದ್ದರೆ, ಈ ದೂತಿ ಅಪ್ಪಟ ಹಳ್ಳಿಮಾತಿನಲ್ಲಿ ಭಾಗವತನ ಕಾಲೆಳೆಯುತ್ತಾಳೆ. ತೂಕಡಿಸುತ್ತಿದ್ದ ಹುಡುಗರೂ ಆಗ ಎದ್ದು ಕೂರುತ್ತಾರೆ.

ಈ ಆಟವನ್ನು ಮೊದಲು ಬರೆದವರು ಅಪರಾಳ ತಮ್ಮಣ್ಣ. ಅದನ್ನು ರಂಗಕ್ಕೆ ಹೊಂದಿಸಿ ಬೆಳೆಸಿದವರು ಕುಲಗೋಡ ತಮ್ಮಣ್ಣ. ಕುಲಗೋಡ ಈಗ ಮೂಡಲಗಿ ತಾಲೂಕಿನಲ್ಲಿದೆ. ಮುಂದೆ ಅದೇ ಸೀಮೆಯ ಕೌಜಲಗಿ ನಿಂಗಮ್ಮ ಪಾರಿಜಾತದ ಹೆಸರಾಂತ ಕಲಾವಿದೆಯಾದರು. ಹೆಣ್ಣುಮಗಳು ಆಟಕ್ಕೆ ನಿಲ್ಲುವುದೆಂದರೆ ಜನ ನಾಲಗೆ ಹರಿಬಿಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಮೇಳ ಕಟ್ಟಿಕೊಂಡು ಊರೂರು ತಿರುಗಬೇಕಾದರೆ ಎಂಥ ಗಟ್ಟಿ ಗುಂಡಿಗೆ ಬೇಕು, ನೀವೇ ಯೋಚಿಸಿ.

ಇಂಥ ನೆಲದ ಹುಡುಗ ಪೇಟೆಗೆ ಬಂದ. ಆಗ ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡ ಮಾತಾಡುವವರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಬೆಳಗಾವಿಯ ಪೇಟೆಯಲ್ಲಿ, ಕಚೇರಿಯಲ್ಲಿ ಮರಾಠಿಯ ಜೋರು. 1924ರ ಡಿಸೆಂಬರ್‌ನಲ್ಲಿ ಅದೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದದ್ದು ಅದೊಂದೇ ಸಲ. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ನಿಮ್ಮ ವಯಸ್ಸಿನ ಒಬ್ಬ ಹುಡುಗಿಯೂ ಇದ್ದಳು. ಆಕೆಯೇ ಮುಂದೆ ದೊಡ್ಡ ಹೆಸರು ಮಾಡಿದ ಗಂಗೂಬಾಯಿ ಹಾನಗಲ್. ಆ ಕಾಲದ ತರುಣರಿಗೆ ಸ್ವಾತಂತ್ರ್ಯದ ಕನಸು ಮತ್ತು ಕನ್ನಡ ನಾಡು ಒಂದಾಗುವ ಕನಸು ಎರಡೂ ಒಟ್ಟಿಗೇ ಬೀಳುತ್ತಿದ್ದವು. ಕೃಷ್ಣಶರ್ಮರೂ ಅಂಥ ತರುಣರಲ್ಲಿ ಒಬ್ಬರು.

ಧಾರವಾಡದಲ್ಲಿ ಅವರಿಗೆ ಗೆಳೆಯರು ಸಿಕ್ಕರು. 1922ರ ಸುಮಾರಿಗೆ ದ.ರಾ. ಬೇಂದ್ರೆಯವರ ಸುತ್ತ ಒಂದಷ್ಟು ತರುಣರು ಕೂಡತೊಡಗಿದ್ದರು. ಅದಕ್ಕೆ ‘ಗೆಳೆಯರ ಗುಂಪು’ ಎಂದೇ ಹೆಸರು. ಇದರಲ್ಲಿದ್ದವರನ್ನು ನೋಡಿ: ನಾಡಿನ ಚರಿತ್ರೆಯನ್ನು ಬಗೆದು ನೋಡಿದ ಶಂಬಾ ಜೋಶಿ, ಕನ್ನಡ ಸಾಹಿತ್ಯದ ಚರಿತ್ರೆ ಬರೆದ ರಂ.ಶ್ರೀ. ಮುಗಳಿ, 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿ, ಇನ್ನೂ ಕಾಲೇಜಿನ ಹುಡುಗನಾಗಿದ್ದ ವಿ.ಕೃ. ಗೋಕಾಕ, ಜತೆಗೆ ನಮ್ಮ ಬೆಟಗೇರಿಯವರು. ಆಗ ಇವರಲ್ಲಿ ಯಾರೂ ದೊಡ್ಡವರಲ್ಲ. ನಾಯಕ ಎನಿಸಿಕೊಂಡ ಬೇಂದ್ರೆಯವರಿಗೇ ಮೂವತ್ತು ತುಂಬಿರಲಿಲ್ಲ.

ಕಾವ್ಯನಾಮದ ಹುಚ್ಚು ಎಲ್ಲರಿಗೂ ಇತ್ತು. ಬೇಂದ್ರೆ ಅಂಬಿಕಾತನಯದತ್ತ, ಗೋಕಾಕರು ವಿನಾಯಕ, ಮುಗಳಿ ರಸಿಕರಂಗ, ಜಿ.ಬಿ. ಜೋಶಿ ಜಡಭರತ, ಬೆಟಗೇರಿಯವರು ಆನಂದಕಂದ. ನೀವು ಆಟದ ಆ್ಯಪ್‌ಗಳಲ್ಲಿ ಬೇರೆ ಹೆಸರಿಟ್ಟುಕೊಂಡು ಗೆಳೆಯರ ಜತೆ ಆಡುತ್ತೀರಲ್ಲ, ಆ ಖುಷಿ ಇದರಲ್ಲೂ ಇದ್ದಿರಬೇಕು.

ಬರೆದದ್ದನ್ನು ಗೆಳೆಯರ ಮುಂದೆ ಓದುವುದು, ಹೊಗಳಿಸಿಕೊಳ್ಳುವುದು, ಬೈಸಿಕೊಳ್ಳುವುದು, ಹೊಸ ಪುಸ್ತಕದ ಬಗ್ಗೆ ವಾದ ಹೂಡುವುದು. ಹಳ್ಳಿಯಿಂದ ಬಂದ ತರುಣನಿಗೆ ಪೇಟೆ ಕೊಡಬಹುದಾದ ದೊಡ್ಡ ಉಡುಗೊರೆ ಇದೇ ಎಂದು ನನ್ನ ಎಣಿಕೆ. ಕಟ್ಟಡ, ಬೀದಿ, ಅಂಗಡಿ ನಾಲ್ಕು ದಿನಕ್ಕೆ ಹಳೆಯವಾಗುತ್ತವೆ. ನೀನು ಬರೆದದ್ದನ್ನು ಕೇಳಬೇಕು ಎಂದು ಕಾಯುವ ನಾಲ್ಕು ಜನ ಊರಲ್ಲಿ ಸಿಗುವುದು ಕಷ್ಟ, ಧಾರವಾಡದಲ್ಲಿ ಸಿಕ್ಕರು. ಇದು ಬರೀ ಹರಟೆಯ ಕೂಟವೂ ಆಗಿರಲಿಲ್ಲ. ‘ನರಬಲಿ’ ಎಂಬ ಕವನಕ್ಕಾಗಿ ಬ್ರಿಟಿಷ್ ಸರಕಾರ ಬೇಂದ್ರೆಯವರನ್ನು ಜೈಲಿಗೆ ಕಳಿಸಿತು.

ಈಗ ನಮ್ಮ ಕೂಟಕ್ಕೆ ನೇರ ಸಂಬಂಧಪಟ್ಟ ಸಂಗತಿ. 1926ರಲ್ಲಿ ಗೆಳೆಯರ ಗುಂಪು ಧಾರವಾಡದಲ್ಲಿ ನಾಡಹಬ್ಬ ಶುರು ಮಾಡಿತು. ಅದರ ಹಿಂದೆ ಬೆಟಗೇರಿಯವರ ಉತ್ಸಾಹ ದೊಡ್ಡದಿತ್ತು. ನವರಾತ್ರಿಯನ್ನು ಮನೆಮನೆಯಲ್ಲಿ ಮಾಡುತ್ತಿದ್ದರು, ಮೈಸೂರಿನಲ್ಲಿ ಅರಸರು ಮಾಡುತ್ತಿದ್ದರು. ಅರಸರೂ ಇಲ್ಲದ, ರಾಜ್ಯವೂ ಇಲ್ಲದ ಧಾರವಾಡದ ತರುಣರು ಅದೇ ದಿನಗಳಲ್ಲಿ ನಾಡದೇವಿಯ ಹೆಸರಿನಲ್ಲಿ ಜನರನ್ನು ಸೇರಿಸಿ ಹಾಡು, ಭಾಷಣ, ಕವಿತೆ ನಡೆಸಿದರು. ಅದು ಬೇರೆ ಬೇರೆ ಊರುಗಳಿಗೂ ಹಬ್ಬಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಾಡು ಒಂದಾಗುವುದಕ್ಕೆ ಮೂವತ್ತು ವರ್ಷ ಮೊದಲೇ ನಾಡಹಬ್ಬ ನಡೆದಿತ್ತು! ಸ್ವಂತ ಕಟ್ಟಡವಿಲ್ಲದೆ, ಬಾಡಿಗೆಯ ಶಾಲಾ ಸಭಾಂಗಣದಲ್ಲಿ ಪರದೆ ಕಟ್ಟಿ ನಿಮ್ಮ ಅಪ್ಪ ಅಮ್ಮಂದಿರು ರಾಜ್ಯೋತ್ಸವ ಮಾಡುತ್ತಾರಲ್ಲ, ಅವರು ಧಾರವಾಡದ ಆ ಗೆಳೆಯರ ಸಾಲಿನವರೇ.

ಅಂದಹಾಗೆ ಆ ಹೊತ್ತಿನಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಗೆಳೆಯರ ಬಳಗವೂ ಇತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಸೇರಿ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುವ ಹಾಡುಗಳನ್ನು ಕೂಡಿಹಾಕಿದರು. ‘ಗರತಿಯ ಹಾಡು’ ಎಂದು 1931ರಲ್ಲಿ ಅದು ಪುಸ್ತಕವಾಯಿತು.

ಬೆಟಗೇರಿಯವರ ಮನಸ್ಸೂ ಇಂಥ ಹಾಡಿನ ಕಡೆಗೇ. ಧಾರವಾಡದಲ್ಲಿ ಇದ್ದರೂ, ವಿದ್ವಾಂಸರ ನಡುವೆ ಓಡಾಡಿದರೂ, ಅವರ ಕಿವಿ ಊರಿನ ಕಡೆಗೇ ಇತ್ತು. ‘ನಲ್ವಾಡುಗಳು’ ಎಂಬ ಅವರ ಸಂಕಲನ ತೆರೆದರೆ ಹಳ್ಳಿಯ ಗಂಡಹೆಂಡಿರು, ಅಕ್ಕತಂಗಿಯರು ಅಲ್ಲಿಯ ಮಾತಿನಲ್ಲೇ ಮಾತಾಡುತ್ತಾರೆ. ಬೆಂಗಳೂರು ಮೈಸೂರು ಕಡೆಯ ಮನೆಗಳ ಮಕ್ಕಳಿಗೆ ಆ ಭಾಷೆ ಮೊದಲು ತುಸು ಗಡುಸಾಗಿ ಕೇಳೀತು. ಗಟ್ಟಿಯಾಗಿ ಓದಿಸಿಕೊಳ್ಳಿ, ಎರಡು ನಿಮಿಷದಲ್ಲಿ ಕುಣಿಯತೊಡಗುತ್ತದೆ. ಬೇಂದ್ರೆಯವರ ನೆರಳಿನಲ್ಲಿ ಆನಂದಕಂದರು ಮರೆಯಾದರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇಂದ್ರೆ ಹಳ್ಳಿಯ ಮಾತನ್ನು ಹಿಡಿದುಕೊಂಡು ಆಕಾಶಕ್ಕೆ ಹಾರುತ್ತಾರೆ, ನಮಗೆ ಕೆಲವೊಮ್ಮೆ ನಿಲುಕುವುದಿಲ್ಲ. ಇವರು ಅಂಗಳ ಬಿಟ್ಟು ಕದಲುವುದಿಲ್ಲ. ಅಂಗಳದಲ್ಲಿ ಏನು ನಡೆಯುತ್ತದೆ ಎಂಬುದನ್ನು ಇವರಷ್ಟು ಚೆನ್ನಾಗಿ ಹಾಡಿದವರು ಕಡಿಮೆ.

‘ಕಾರಹುಣ್ಣಿವೆ’ ಎಂಬುದು ಅವರ ಇನ್ನೊಂದು ಕವನಸಂಕಲನ. ಆ ಹಬ್ಬವೇ ನಿಮಗೆ ಗೊತ್ತಿರಲಿಕ್ಕಿಲ್ಲ. ಜೂನ್ ತಿಂಗಳಲ್ಲಿ, ಮುಂಗಾರು ಶುರುವಾಗುವ ಹೊತ್ತಿಗೆ ಬರುವ ಹುಣ್ಣಿಮೆ ಇದು, ಎತ್ತುಗಳ ಹಬ್ಬ. ಅಂದು ಅವಕ್ಕೆ ನೊಗವಿಲ್ಲ. ಬೆಳಿಗ್ಗೆ ಹೊಳೆಗೆ, ಇಲ್ಲವೆ ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆಯುತ್ತಾರೆ. ಕೋಡು ಹೆರೆದು ನುಣುಪು ಮಾಡಿ ಬಣ್ಣ ಬಳಿಯುತ್ತಾರೆ, ತುದಿಗೆ ಹಿತ್ತಾಳೆಯ ಕೋಡಣಸು ಸಿಕ್ಕಿಸುತ್ತಾರೆ. ಕೊರಳಿಗೆ ಗೆಜ್ಜೆಸರ, ಹಣೆಗೆ ಬಾಸಿಂಗ, ಬೆನ್ನ ಮೇಲೆ ಝೂಲ. ಮನೆಯಲ್ಲಿ ಮಾಡಿದ ಹೋಳಿಗೆ ಮೊದಲು ಎತ್ತಿಗೆ, ಆಮೇಲೆ ಮಕ್ಕಳಿಗೆ. ಸಂಜೆ ಊರ ಅಗಸಿಯಲ್ಲಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿರುತ್ತಾರೆ. ಅದೇ ‘ಕರಿ’. ಹಲಗೆ ಬಡಿಯುತ್ತಿದ್ದಂತೆ ಎತ್ತುಗಳನ್ನು ಓಡಿಸುತ್ತಾರೆ, ಯಾವುದು ಮೊದಲು ಹಾಯುತ್ತದೋ ಅದು ಕರಿ ಹರಿದಂತೆ. ಬಿಳಿ ಎತ್ತು ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಅಂದರೆ ಹಿಂಗಾರಿ ಬೆಳೆ. ಕೆಂದೆತ್ತು ಹರಿದರೆ ಮುಂಗಾರಿ ಬೆಳೆ. ಆ ವರ್ಷದ ಮಳೆ ಇದನ್ನು ಕೇಳಿಯೇ ಬೀಳುತ್ತದೆ ಎಂದೇನಲ್ಲ. ಆದರೂ ಸಂಜೆಯಿಡೀ ಊರ ಕಟ್ಟೆಯ ಮೇಲೆ ಅದೇ ಮಾತು. ಮುಂದಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಅದು ಮಣ್ಣೆತ್ತಿನ ಅಮಾವಾಸ್ಯೆ.

ಕವಿತೆಯ ಜತೆಗೆ ‘ಸುದರ್ಶನ’, ‘ರಾಜಯೋಗಿ’ಯಂಥ ಕಾದಂಬರಿ, ಕಥೆ, ಪ್ರಬಂಧಗಳನ್ನೂ ಬೆಟಗೇರಿಯವರು ಬರೆದರು. 1938ರಿಂದ 1961ರವರೆಗೆ ‘ಜಯಂತಿ’ ಎಂಬ ಮಾಸಪತ್ರಿಕೆ ನಡೆಸಿದರು. ಇಷ್ಟು ವರ್ಷ ತಿಂಗಳು ತಿಂಗಳು ಪತ್ರಿಕೆ ತರುವುದು ಎಂಥ ಕೆಲಸ ಎಂದು ತಿಳಿಯಬೇಕಾದರೆ ನಮ್ಮ ಈ ಸಂಚಿಕೆಯ ಸಂಪಾದಕರನ್ನು ಕೇಳಿ. ವರ್ಷಕ್ಕೆ ಕೆಲವೇ ಸಂಚಿಕೆ ತರುವುದಕ್ಕೇ ಅವರು ನಿಮ್ಮ ಚಿತ್ರಗಳಿಗಾಗಿ ಎಲ್ಲರಿಗೂ ದುಂಬಾಲು ಬೀಳುತ್ತಾರೆ.

ಗೋಕಾಕ ತಾಲೂಕಿನಿಂದಲೇ ಇನ್ನೊಬ್ಬ ಲೇಖಕರು ಪೇಟೆಗೆ ಹೋದರು. ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ. ಪೇಟೆ ಅವರಿಗೆ ಕಂಡದ್ದು ಪತ್ರಿಕೆಗಳ ಕಚೇರಿಯಿಂದ. ದುಡಿಯುವವರ ಕಷ್ಟ, ಮುಷ್ಕರ, ಸಿಟ್ಟು ಅವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಕುದಿಯುತ್ತವೆ. ಅದನ್ನು ಓದಲು ನೀವು ಇನ್ನೂ ಸ್ವಲ್ಪ ದೊಡ್ಡವರಾಗಬೇಕು.

ಬೆಟಗೇರಿ ಕೃಷ್ಣಶರ್ಮರು ತೀರಿಕೊಂಡದ್ದು 1982ರ ಅಕ್ಟೋಬರ್ 30ರಂದು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ‘ಗೋಕಾಕ್ ಚಳವಳಿ’ ನಾಡನ್ನೆಲ್ಲ ಎಬ್ಬಿಸಿದ್ದೂ ಅದೇ ವರ್ಷ. ನಟ ರಾಜಕುಮಾರ್ ಅದಕ್ಕಾಗಿ ಬೀದಿಗಿಳಿದದ್ದನ್ನು ನಿಮ್ಮ ಅಜ್ಜ ಕಣ್ಣಾರೆ ನೋಡಿರಬಹುದು. ಆ ಚಳವಳಿಗೆ ಹೆಸರು ಬಂದದ್ದು ಗೋಕಾಕ ಊರಿನಿಂದಲ್ಲ. ಆ ಬೇಡಿಕೆಗೆ ಆಧಾರವಾದ ವರದಿ ಬರೆದ ಸಮಿತಿಯ ಅಧ್ಯಕ್ಷರು ವಿ.ಕೃ. ಗೋಕಾಕ. ಹೌದು, ಅದೇ ಗೆಳೆಯರ ಗುಂಪಿನ ಕಾಲೇಜು ಹುಡುಗ, ವಿನಾಯಕ.

ರಜೆಗೆ ಆ ಕಡೆ ಹೋದರೆ ಘಟಪ್ರಭಾ ಇಲ್ಲವೆ ಗೋಕಾಕ ರೋಡ್ ನಿಲ್ದಾಣದಲ್ಲಿ ರೈಲು ಇಳಿಯಬಹುದು. ಜಲಪಾತಕ್ಕೆ ಆಗಸ್ಟ್ ಒಳ್ಳೆಯ ಕಾಲ. ಎದುರಿಗೆ ತೂಗುಸೇತುವೆ ಇದೆ. ಗೋಕಾಕ ಪೇಟೆಯಲ್ಲಿ ಕರದಂಟು ತಿನ್ನದೆ ಯಾರೂ ಬರುವುದಿಲ್ಲ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು ಮಾತ್ರ ಹುಷಾರು. ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಗೋಕಾಕದ ಹಣ್ಣು, ತರಕಾರಿ, ಬೊಂಬೆಗಳನ್ನು ಕೇಳಿ ನೋಡಿ. ಜಾತ್ರೆಯ ದಿನಗಳಾದರೆ ಎಲ್ಲಾದರೂ ಪಾರಿಜಾತ ಇದೆಯೇ ಎಂದೂ ವಿಚಾರಿಸಿ.

ಅಲ್ಲಿಯವರೆಗೆ ಒಂದು ಕೆಲಸ. ಉತ್ತರ ಕರ್ನಾಟಕದ ಆಯಿ, ಅಜ್ಜ ಇರುವವರು ಫೋನ್ ಮಾಡಿ, ಅವರು ಸಣ್ಣವರಿದ್ದಾಗ ಕಾರಹುಣ್ಣಿವೆ ಹೇಗಿತ್ತು, ಯಾರ ಮನೆಯ ಎತ್ತು ಕರಿ ಹರಿಯುತ್ತಿತ್ತು ಎಂದು ಕೇಳಿ. ಹೇಳಿದ್ದನ್ನು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದು ಕಳಿಸಿ. ಕನ್ನಡ ಬರೆಯಲು ಬಾರದವರು ದನಿಯನ್ನೇ ಮುದ್ರಿಸಿ ಕಳಿಸಿದರೂ ನಡೆಯುತ್ತದೆ. ಮುಂದಿನ ಸಂಚಿಕೆಯಲ್ಲಿ ಸಂಪಾದಕರು ಅದಕ್ಕೆಂದೇ ಎರಡು ಪುಟ ಬಿಟ್ಟಿದ್ದಾರೆ.