ಷರತ್ತಿನ ಮೇಲೆ ಒಳಗೆ ಬಂದ ಕಮಲಾ

ಗೆಳತಿಯರೇ, ಈ ಬಾರಿಯ ಇ-ಸಂಚಿಕೆಗೆ ವಿಜ್ಞಾನ ಕ್ಷೇತ್ರದ ಒಬ್ಬ ಮಹಿಳೆಯ ಬಗ್ಗೆ ಬರೆದುಕೊಡಿ ಎಂದು ನಮ್ಮ ವೇದಿಕೆಯವರು ಕೇಳಿದಾಗ ನನಗೆ ತಕ್ಷಣ ಹೊಳೆದ ಹೆಸರು ಕಮಲಾ ಸೊಹೊನಿ. 2023ರ ಜೂನ್ 18ರಂದು ಗೂಗಲ್ ತೆರೆದವರಿಗೆ ಅವರ ಚಿತ್ರ ಕಂಡಿರುತ್ತದೆ. ಅವತ್ತು ನಮ್ಮ ಗುಂಪಿನಲ್ಲೂ ಅದನ್ನು ನಾಲ್ಕೈದು ಜನ ಹಂಚಿಕೊಂಡಿದ್ದರು. ಆದರೆ ಆ ಚಿತ್ರದ ಹಿಂದಿನ ಬದುಕಿಗೂ ನಮ್ಮ ಬೆಂಗಳೂರಿಗೂ, ನಾವು ಈಗ ಬಾಳುತ್ತಿರುವ ಈ ದೆಹಲಿ ಸೀಮೆಗೂ ಎಷ್ಟು ನಂಟಿದೆ ಎಂದು ಹೆಚ್ಚಿನವರಿಗೆ ಗೊತ್ತಿರಲಾರದು.

ನಾನು ಜೀವರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಮದುವೆಯಾಗಿ ನೋಯ್ಡಾಕ್ಕೆ ಬಂದ ಮೇಲೆ ಪ್ರಯೋಗಾಲಯ ಬಿಟ್ಟು ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಹೇಳಿಕೊಂಡು ಇಪ್ಪತ್ತೆರಡು ವರ್ಷ ಕಳೆದೆ. ಹಾಗಾಗಿ ಕಮಲಾ ಅವರ ಕಥೆಯನ್ನು ಸ್ವಲ್ಪ ಸ್ವಂತದ ಕಥೆಯೆಂಬಂತೆ ಹೇಳಿದರೆ ಬೇಸರಿಸಬೇಡಿ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮನೆತನದ ಹೆಸರು ಭಾಗವತ್. ಮರಾಠಿ ಓದುವವರಿಗೆ ದುರ್ಗಾ ಭಾಗವತ್ ಗೊತ್ತಿರಬೇಕಲ್ಲ, ಅವರು ಕಮಲಾ ಅವರ ಅಕ್ಕ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್, ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದು ಶುರುವಾದ ಹೊಸತರಲ್ಲೇ ಓದಿದವರು. ಹಾಗಾಗಿ ಹುಡುಗಿಗೆ ಮುಂದೆ ಎಲ್ಲಿ ಓದಬೇಕೆಂಬ ಪ್ರಶ್ನೆಯೇ ಇರಲಿಲ್ಲ. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಬಂತು. ಬೆಂಗಳೂರಿಗೆ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು.

ತಿರಸ್ಕರಿಸಿದವರು ಸಂಸ್ಥೆಯ ನಿರ್ದೇಶಕ ಸರ್ ಸಿ. ವಿ. ರಾಮನ್. ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದಿದ್ದ, ಆ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಅದೇ ವರ್ಷ ಬಂದಿದ್ದ ರಾಮನ್. ಅಂಕ ಸಾಲದು ಎಂದಲ್ಲ, ಜಾಗ ಇಲ್ಲ ಎಂದೂ ಅಲ್ಲ. ಹೆಣ್ಣು ಎಂಬುದೊಂದೇ ಕಾರಣ. ಅಪ್ಪ, ಚಿಕ್ಕಪ್ಪ ಹೋಗಿ ಕೇಳಿಕೊಂಡರೂ ಆಗಲಿಲ್ಲ. ಕೊನೆಗೆ ಹುಡುಗಿಯೇ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತು ಕಾರಣ ಕೇಳಿದಳು. ಗಾಂಧೀಜಿಯ ಪ್ರಭಾವದಲ್ಲಿ ಬೆಳೆದವಳಾದ್ದರಿಂದ ಅವರ ಕಚೇರಿಯ ಮುಂದೆ ಸತ್ಯಾಗ್ರಹ ಕೂರುವವರೆಗೂ ಹೋದಳು ಎಂದು ಅವಳ ಜೀವನ ಬರೆದವರು ಹೇಳುತ್ತಾರೆ.

ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಅವಳು ನಿಯಮಿತ ವಿದ್ಯಾರ್ಥಿನಿ ಅಲ್ಲ, ಪರೀಕ್ಷಾರ್ಥ ಇರುವವಳು. ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಆ ವರ್ಷಕ್ಕೆ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದು, ಅವಳಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು, ಅಂದರೆ ಅಲ್ಲಿನ ಗಂಡಸರ ಚಿತ್ತ ಚಂಚಲವಾಗಬಾರದು. ಈ ಮೂರನೆಯ ಷರತ್ತನ್ನು ನಾನು ಮೊದಲ ಸಲ ಓದಿದಾಗ ನಕ್ಕಿದ್ದೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ. ಚಿತ್ತ ಚಂಚಲವಾಗುವುದು ಗಂಡಸರದ್ದು, ಅದಕ್ಕೆ ಮುಚ್ಚಳಿಕೆ ಬರೆದುಕೊಡಬೇಕಾದವಳು ಹೆಣ್ಣು!

ರಾಮನ್ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ, ನನಗೂ ಇದೆ. ಬೆಂಗಳೂರಿನ ಮಕ್ಕಳು ಅವರ ಹೆಸರು ಕೇಳಿಕೊಂಡೇ ವಿಜ್ಞಾನ ಕಲಿಯುತ್ತೇವೆ. ಆದರೆ ದೊಡ್ಡವರ ಸಣ್ಣತನವನ್ನು ಕಾಲಕ್ಕೆ ಹೊರಿಸಿ ಮುಚ್ಚಿಬಿಡುವುದು ನನಗೆ ಸರಿಕಾಣುವುದಿಲ್ಲ. ಅದೇ ಕಾಲದಲ್ಲಿ ಬೊಂಬಾಯಿ ವಿಶ್ವವಿದ್ಯಾಲಯ ಅದೇ ಹುಡುಗಿಗೆ ಬಿಎಸ್ಸಿ ಕೊಟ್ಟಿತ್ತಲ್ಲ. ಕಮಲಾ ಕೂಡ ಮರೆಯಲಿಲ್ಲ. ಅರುವತ್ತು ವರ್ಷದ ನಂತರ, ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ, ಆ ದಿನದ ಅವಮಾನವನ್ನು ಅವರು ಬಿಡಿಸಿ ಹೇಳಿದರು. ಷರತ್ತುಗಳಿಗೆ ಒಪ್ಪಿಕೊಂಡದ್ದು ಬೇರೆ ದಾರಿ ಇಲ್ಲದ್ದರಿಂದ, ಸಮ್ಮತಿಯಿಂದಲ್ಲ.

ಒಳಗೆ ಹೋದ ಮೇಲೆ ಅವರಿಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಇವರ ಹೆಸರನ್ನು ನಾವು ಹೆಚ್ಚು ಕೇಳಿಲ್ಲ, ಕೇಳಬೇಕಿತ್ತು. ಮೈಸೂರು ಸೀಮೆಯ ಶ್ರೀಗಂಧದ ಮರಗಳನ್ನು ಆಗ ಸ್ಪೈಕ್ ಎಂಬ ರೋಗ ತಿನ್ನುತ್ತಿತ್ತು. ಎಲೆಗಳು ಚಿಕ್ಕದಾಗುತ್ತಾ, ರೆಂಬೆಯ ತುದಿಯಲ್ಲಿ ಮುಳ್ಳಿನ ಗೊಂಚಲಿನಂತೆ ನಿಮಿರಿ ನಿಂತು, ಕೊನೆಗೆ ಮರವೇ ಸಾಯುತ್ತಿತ್ತು. ಗಂಧದ ಎಣ್ಣೆಯಿಂದ ಬೊಕ್ಕಸ ತುಂಬುತ್ತಿದ್ದ ರಾಜ್ಯಕ್ಕೆ ಅದು ಸಣ್ಣ ಸಂಕಟವಲ್ಲ. ಆ ರೋಗದ ಮೇಲೆ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಶ್ರೀನಿವಾಸಯ್ಯ ಒಬ್ಬರು. ಕಾಡಿನ ಮರ, ಮಣ್ಣು, ಮನುಷ್ಯನ ಊಟ ಎಲ್ಲವೂ ಒಂದೇ ಪ್ರಯೋಗಾಲಯದ ಮೇಜಿನ ಮೇಲೆ ಬರುತ್ತಿದ್ದ ಕಾಲ ಅದು. ಈಗ ವಿಶ್ವವಿದ್ಯಾಲಯಗಳು ಪರಿಸರ, ಭೂಮಿ, ಆರೋಗ್ಯ ಮೂರನ್ನೂ ಒಂದು ಸೂರಿನಡಿ ತರುತ್ತೇವೆಂದು ದೊಡ್ಡದಾಗಿ ಹೇಳಿಕೊಳ್ಳುತ್ತವೆ. ಶ್ರೀನಿವಾಸಯ್ಯನಂಥವರಿಗೆ ಅದು ದಿನನಿತ್ಯದ ಕೆಲಸವಾಗಿತ್ತು.

ಗುರು ಕಟ್ಟುನಿಟ್ಟು, ಕೆಲಸ ಬೆಟ್ಟದಷ್ಟು. ಆದರೆ ಹೆಣ್ಣು ಎಂದು ಅವಳಿಗೆ ಕಡಿಮೆ ಕಲಿಸಲಿಲ್ಲ. ಹೊರದೇಶದ ವಿದ್ವಾಂಸರ ಬರಹಗಳನ್ನು ಓದಿಸಿ, ಅವರಿಗೆ ಪತ್ರ ಬರೆದು ಚರ್ಚಿಸುವುದನ್ನೂ ಕಲಿಸಿದರು. ಕಮಲಾ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ ಶುರುಮಾಡಿದರು. ಬಡವರ ತಟ್ಟೆಯಲ್ಲಿ ಮಾಂಸ, ಮೊಟ್ಟೆ ಇಲ್ಲದಿದ್ದಾಗ ಶಕ್ತಿ ಕೊಡುವುದು ಕಾಳೇ. ಅದರೊಳಗೆ ಏನಿದೆ ಎಂದು ತಿಳಿಯುವುದು ಬರೀ ಕುತೂಹಲದ ವಿಷಯವಾಗಿರಲಿಲ್ಲ. 1936ರಲ್ಲಿ ಸಂಶೋಧನೆಯ ಮೂಲಕ ಎಂಎಸ್ಸಿ ಬಂತು, ಅದೂ ಉನ್ನತ ಶ್ರೇಣಿಯಲ್ಲಿ. ಪರೀಕ್ಷಾರ್ಥದ ವರ್ಷ ಮುಗಿಯುವಷ್ಟರಲ್ಲೇ ರಾಮನ್ ಅವರಿಗೂ ಮನವರಿಕೆಯಾಗಿತ್ತು. ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಆ ಬಾಗಿಲಿನಿಂದ ಬಂದವರಲ್ಲಿ ಒಬ್ಬರ ಹೆಸರನ್ನಾದರೂ ಇಲ್ಲಿ ಹೇಳಲೇಬೇಕು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯಕ್ಕೆ ಸೇರಿದರು, ವಜ್ರ ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಎಂಎಸ್ಸಿ ಇಲ್ಲ ಎಂಬ ಕಾರಣಕ್ಕೆ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು ಪದವಿಯ ಗೊಡವೆ ಬಿಟ್ಟು ಹವಾಮಾನ ಇಲಾಖೆಗೆ ಹೋಗಿ, ಓಜೋನ್ ಅಳೆಯುವ ಭಾರತೀಯ ಉಪಕರಣ ಕಟ್ಟಿ, ದೇಶದ ಬಿಸಿಲು ಗಾಳಿಗಳ ಲೆಕ್ಕ ಇಟ್ಟರು. ನಮ್ಮ ನೋಯ್ಡಾದ ಮಾಳಿಗೆಗಳ ಮೇಲೆ ಈಗ ಸೋಲಾರ್ ಫಲಕ ಹಾಕಿಸುವವರು ಯಾವ ಊರಿಗೆ ಎಷ್ಟು ಬಿಸಿಲು ಬೀಳುತ್ತದೆಂದು ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕಕ್ಕೆ ಅಡಿಪಾಯ ಹಾಕಿದವರು ಅವರು. ಅವರದ್ದೇ ಒಂದು ಲೇಖನವಾಗಬೇಕು, ಮುಂದಿನ ಸಂಚಿಕೆಗೆ ಯಾರಾದರೂ ಬರೆಯಿರಿ.

ಕಮಲಾ ವಿದ್ಯಾರ್ಥಿವೇತನ ಪಡೆದು 1937ರ ಕೊನೆಯಲ್ಲಿ ಕೇಂಬ್ರಿಜ್‌ಗೆ ಹೋದರು. ಜೀವಸತ್ವಗಳ ಸಂಶೋಧನೆಗೆ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಾಲಯ. ಅಲ್ಲಿ ಜಾಗ ಪೂರ್ತಿ ತುಂಬಿತ್ತು. ಡೆರಿಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಬಳಿಯ ಒಂದು ಮೇಜನ್ನು ಹಗಲು ಹೊತ್ತು ಅವರಿಗೆ ಬಿಟ್ಟುಕೊಟ್ಟರಂತೆ. ರಾತ್ರಿ ಅದೇ ಮೇಜಿನ ಮೇಲೆ ಅವರು ಮಲಗುತ್ತಿದ್ದರಂತೆ! ಬೆಂಗಳೂರಿನಲ್ಲಿ ಹೆಣ್ಣಿಗೆ ಜಾಗವೇ ಇಲ್ಲ ಎಂದಾಗಿತ್ತು. ಇಲ್ಲಿ ಮಲಗುವ ಮೇಜನ್ನೇ ಒಬ್ಬರು ಬಿಟ್ಟುಕೊಟ್ಟರು.

ರಿಕ್ಟರ್ ಹೋದ ಮೇಲೆ ಅವರ ಕೆಲಸ ಮುಂದುವರಿದದ್ದು ರಾಬಿನ್ ಹಿಲ್ ಅವರ ಬಳಿ. ಎಲೆಯ ಹಸಿರು ಬೆಳಕಿನಲ್ಲಿ ಆಮ್ಲಜನಕ ಬಿಡುವುದನ್ನು ಜೀವಕೋಶದ ಹೊರಗೆ ತೋರಿಸಿಕೊಟ್ಟ ಅದೇ ಹಿಲ್. ಕಮಲಾ ಕೈಗೆತ್ತಿಕೊಂಡದ್ದು ಆಲೂಗಡ್ಡೆ. ನಾವು ಉಸಿರಾಡಿದ ಆಮ್ಲಜನಕವನ್ನು ಬಳಸಿ ಜೀವಕೋಶ ಶಕ್ತಿ ಪಡೆಯುವಾಗ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಕೈಯಿಂದ ಕೈಗೆ ಬಿಂದಿಗೆ ದಾಟಿಸುವವರ ಸಾಲಿನಲ್ಲಿ ಒಬ್ಬನಂತೆ ನಿಂತು ಎಲೆಕ್ಟ್ರಾನುಗಳನ್ನು ದಾಟಿಸುತ್ತದೆ. ಪ್ರಾಣಿಗಳಲ್ಲಿ ಇದರ ಕೆಲಸ ತಿಳಿದಿತ್ತು. ಗಿಡದ ಜೀವಕೋಶಗಳೂ ಉಸಿರಾಟಕ್ಕೆ ಇದನ್ನೇ ಬಳಸುತ್ತವೆ ಎಂದು ಕಮಲಾ ತೋರಿಸಿದರು. ಅಂದರೆ ಆಲೂಗಡ್ಡೆ ಮತ್ತು ಅದನ್ನು ಹೆಚ್ಚುವ ಕೈ, ಎರಡೂ ಒಂದೇ ರೀತಿಯಲ್ಲಿ ಉಸಿರಾಡುತ್ತವೆ. ಹದಿನಾಲ್ಕು ತಿಂಗಳಲ್ಲಿ ಮುಗಿದ ಈ ಕೆಲಸದ ಪ್ರಬಂಧ ಬೆರಳಚ್ಚಿನಲ್ಲಿ ಬರೀ 40 ಪುಟ. 1939ರಲ್ಲಿ ಪಿಎಚ್‌ಡಿ ಬಂತು.

ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಎಲ್ಲೆಡೆ ಕರೆಯುತ್ತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಡಿಎಸ್ಸಿ ಪಡೆದಿದ್ದರು, ಹಾಗಾಗಿ ಈ ಮೊದಲಿಗಳೆಂಬ ಪಟ್ಟದ ಬಗ್ಗೆ ಸಣ್ಣ ವಾದ ಇದೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಇಬ್ಬರೂ ಬೇರೆ ಬೇರೆ ಗೋಡೆ ಹತ್ತಿದವರು.

ಹೊರಗೆ ಒಳ್ಳೆಯ ಅವಕಾಶಗಳಿದ್ದರೂ 1939ರಲ್ಲಿ ಅವರು ದೇಶಕ್ಕೆ ಮರಳಿದರು, ಬಂದದ್ದು ನಮ್ಮ ದೆಹಲಿಗೆ. ಕನಾಟ್ ಪ್ಲೇಸಿನಿಂದ ಸ್ವಲ್ಪವೇ ದೂರದಲ್ಲಿರುವ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಆಗಷ್ಟೇ ತೆರೆದಿದ್ದ ಜೀವರಸಾಯನ ವಿಭಾಗಕ್ಕೆ ಮುಖ್ಯಸ್ಥೆ. ಹೆಣ್ಣುಮಕ್ಕಳಿಗಾಗಿಯೇ 1916ರಲ್ಲಿ ಶುರುವಾದ ಕಾಲೇಜು. ನಮ್ಮಲ್ಲಿ ಎಷ್ಟೋ ಜನ ಹೆರಿಗೆಗೆ, ಮಕ್ಕಳ ಚಿಕಿತ್ಸೆಗೆ ಅದರ ಆಸ್ಪತ್ರೆಯ ಮೆಟ್ಟಿಲು ಹತ್ತಿರಬಹುದು. ನೋಯ್ಡಾದಿಂದ ಬ್ಲೂ ಲೈನಿನಲ್ಲಿ ಹೋಗಿ ಇಳಿದು ನಡೆದರೆ ಸಿಗುವ ಆ ಕಟ್ಟಡದಲ್ಲಿ ಷರತ್ತುಗಳ ಹುಡುಗಿ ವಿಭಾಗವೊಂದನ್ನು ಕಟ್ಟಿದಳು ಎಂದು ಗೊತ್ತಾದ ಮೇಲೆ ನನಗೆ ಆ ರಸ್ತೆ ಬೇರೆಯಾಗಿ ಕಾಣುತ್ತದೆ.

ಅಲ್ಲಿಂದ ಕೂನೂರಿನ ಪೌಷ್ಟಿಕತೆಯ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋಗಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ವಿಮಾ ಲೆಕ್ಕಶಾಸ್ತ್ರಜ್ಞ ಎಂ. ವಿ. ಸೊಹೊನಿ ಅವರೊಂದಿಗೆ ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ ಅವರ ಕೈಗೆ ಬಂತು. ಉಳಿದ ವೃತ್ತಿಜೀವನವೆಲ್ಲ ಅಲ್ಲೇ.

ಈಗ ಅಡುಗೆಮನೆಗೆ ಬರೋಣ. ಕಮಲಾ ಮತ್ತು ಅವರ ವಿದ್ಯಾರ್ಥಿಗಳು ಮುಂಬಯಿಯಲ್ಲಿ ಕೈಹಾಕಿದ ವಸ್ತುಗಳಲ್ಲಿ ನಮ್ಮ ಅವರೆಕಾಳೂ ಒಂದು. ಹೌದು, ಸಂಕ್ರಾಂತಿಯ ಹೊತ್ತಿಗೆ ಊರಿಂದ ಬರುವವರ ಹತ್ತಿರ ಹಿತಕಿದಬೇಳೆ ತರಿಸಿಕೊಂಡು ಫ್ರೀಜರಿನಲ್ಲಿ ಬಚ್ಚಿಡುತ್ತೇವಲ್ಲ, ಅದೇ ಅವರೆ. ಇಲ್ಲಿನ ಮಂಡಿಯಲ್ಲಿ ಸೇಮ್ ಎಂದು ಸಿಗುವುದೂ ಅದೇ ಜಾತಿ, ಸೊಗಡು ಮಾತ್ರ ಇಲ್ಲ. ಹಸಿ ಕಾಳುಗಳಲ್ಲಿ ಪ್ರೋಟೀನಿನ ಜೊತೆಗೆ ಅದನ್ನು ಅರಗಿಸಲು ಅಡ್ಡಿಮಾಡುವ ವಸ್ತುಗಳೂ ಇರುತ್ತವೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕೆಲವು ಹಿಡಿದು ನಿಲ್ಲಿಸಿಬಿಡುತ್ತವೆ. ಇನ್ನು ಕೆಲವು ರಕ್ತದ ಕೆಂಪುಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟುಕಟ್ಟಿಸುತ್ತವೆ. ಗಿಡ ತನ್ನ ಬೀಜವನ್ನು ಹುಳಹುಪ್ಪಟೆಯಿಂದ ಕಾಯಲು ಇಟ್ಟುಕೊಂಡ ಕಾವಲು ಇವು. ಭಾರತದ ಕಾಳುಗಳಲ್ಲಿ ಇವು ಯಾವುವು, ಎಷ್ಟಿವೆ ಎಂದು ಬಿಡಿಸಿ ನೋಡಿದ ಮೊದಲಿಗರಲ್ಲಿ ಕಮಲಾ ಅವರ ಗುಂಪು ಸೇರಿದೆ. ನೆನೆಸಿ, ಚೆನ್ನಾಗಿ ಬೇಯಿಸಿದರೆ ಇವುಗಳ ಹೆಚ್ಚಿನ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ರಾತ್ರಿ ಕಾಳು ನೆನೆಹಾಕದೆ ಮಲಗಿದ ಸೊಸೆಯನ್ನು ಗದರುತ್ತಿದ್ದ ಅಜ್ಜಿಯರಿಗೆ ಟ್ರಿಪ್ಸಿನ್ ಗೊತ್ತಿರಲಿಲ್ಲ, ಹೊಟ್ಟೆನೋವು ಗೊತ್ತಿತ್ತು.

ಇನ್ನೊಂದು ವಸ್ತು ನೀರಾ. ತಾಳೆಮರದಿಂದ ಮುಂಜಾನೆ ಇಳಿಸಿದ, ಹುಳಿಬಂದು ಹೆಂಡವಾಗುವ ಮೊದಲಿನ ಸಿಹಿ ರಸ. ಆಗಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಿಂದ ಕೈಗೊಂಡ ಅಧ್ಯಯನವಿದು. ನೀರಾದಲ್ಲಿ ಜೀವಸತ್ವಗಳು, ಕಬ್ಬಿಣದ ಅಂಶ ಇವೆ, ಅದನ್ನು ಕಾಯಿಸಿ ಬೆಲ್ಲ ಮಾಡಿದರೂ ಸಾಕಷ್ಟು ಉಳಿಯುತ್ತವೆ ಎಂದು ಕಮಲಾ ಕಂಡರು. ಬುಡಕಟ್ಟಿನ ಹದಿಹರೆಯದ ಮಕ್ಕಳಿಗೂ ಗರ್ಭಿಣಿಯರಿಗೂ ಕೊಟ್ಟು ನೋಡಿದಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ದುಬಾರಿ ಟಾನಿಕ್ ಬಾಟಲಿಗಳ ಕಡೆ ನೋಡದೆ ಬಡವರ ಕೈಗೆಟಕುವ ಮರದ ಕಡೆ ನೋಡಿದ್ದು, ನನ್ನ ಪ್ರಕಾರ, ಅವರ ಇಡೀ ವಿಜ್ಞಾನದ ಗುಣ. ಮುಂಬಯಿಯ ಆರೇ ಹಾಲಿನ ಯೋಜನೆಗೂ ಸಲಹೆಗಾರರಾಗಿದ್ದು, ಹಾಲು ಒಡೆಯದಂತೆ ತಡೆಯುವ ವಿಧಾನ ರೂಪಿಸಿಕೊಟ್ಟರು.

ಇಷ್ಟಾದರೂ ಸಂಸ್ಥೆಯ ನಿರ್ದೇಶಕಿಯ ಕುರ್ಚಿ ಅವರಿಗೆ ಸುಲಭವಾಗಿ ದಕ್ಕಲಿಲ್ಲ. ಒಳರಾಜಕೀಯದಲ್ಲಿ ಹಕ್ಕಿನ ಬಡ್ತಿ ವರ್ಷಗಟ್ಟಲೆ ತಡವಾಯಿತು, ಕೊನೆಗೆ ಬಂತು. ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆಯೂ ವಿಭಾಗದ ಹೊಣೆಯೆಲ್ಲ ನನ್ನ ತಲೆಯ ಮೇಲಿತ್ತು, ಬಾಗಿಲ ಮೇಲಿನ ಹೆಸರಿನ ಫಲಕ ಮಾತ್ರ ಬೇರೆಯವರದ್ದಾಗಿತ್ತು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಗ್ರಾಹಕ ಮಾರ್ಗದರ್ಶಿ ಸಂಘದಲ್ಲಿ ಕಮಲಾ ತೊಡಗಿಕೊಂಡು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಕೀಮತ್ ಪತ್ರಿಕೆಗೆ ಲೇಖನ ಬರೆದರು. ಆಹಾರದ ಕಲಬೆರಕೆಯನ್ನು ಮನೆಯಲ್ಲೇ ಪತ್ತೆಹಚ್ಚುವುದನ್ನು ಗೃಹಿಣಿಯರಿಗೆ ಕಲಿಸುವ ಕೆಲಸದಲ್ಲೂ ಅವರ ಪಾಲಿತ್ತು. ಕೇಂಬ್ರಿಜ್‌ನ ಪಿಎಚ್‌ಡಿ, ನೆರೆಮನೆಯವಳ ಅರಿಶಿನದ ಪುಡಿ, ಎರಡೂ ಅವರಿಗೆ ಒಂದೇ ಗಾಂಭೀರ್ಯದ ವಿಷಯ.

ಇಷ್ಟೆಲ್ಲ ಮಾಡಿದವರನ್ನು ದೇಶ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಮುಖ್ಯ ಪ್ರಶಸ್ತಿಗಳ ಪಟ್ಟಿಗಳಲ್ಲಿ ಹೆಸರು ಕಾಣುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ, ನಮ್ಮ ಸೆಕ್ಟರ್ 39ರಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ನಡೆಸುವ ಅದೇ ಮಂಡಳಿಗೆ, ಮೊದಲ ಮಹಿಳಾ ಮಹಾನಿರ್ದೇಶಕಿಯಾಗಿ ಬಂದವರು ಡಾ. ಜಿ. ವಿ. ಸತ್ಯವತಿ. ಬನಾರಸ್ಸಿನಲ್ಲಿ ಗುಗ್ಗುಳದ ಮೇಲೆ ಸಂಶೋಧನೆ ಮಾಡಿ ಹೆಸರಾದವರು. ಕಮಲಾ ಅವರ ಬದುಕಿನ ಬಗ್ಗೆ ಓದಿ, ಇಂಥವರಿಗೆ ಯಾರೂ ಮನ್ನಣೆ ಕೊಟ್ಟಿಲ್ಲವೇ ಎಂದು ಅವರು ಬೆರಗಾದರು. ಎಂಬತ್ತು ದಾಟಿದ್ದ ಕಮಲಾ ಅವರನ್ನು ದೆಹಲಿಗೆ ಕರೆಸಿ ಗೌರವಿಸುವ ಏರ್ಪಾಡಿಗೆ ಮೂಲ ಅದೇ.

1998ರಲ್ಲಿ ದೆಹಲಿಯಲ್ಲಿ ಮಂಡಳಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲಿ, ಜನ ತುಂಬಿದ್ದ ಸಭೆಯ ನಡುವೆ, ಕಮಲಾ ಸೊಹೊನಿ ಕುಸಿದರು. ಮತ್ತೆ ಚೇತರಿಸಿಕೊಳ್ಳಲಿಲ್ಲ. ಮೊದಲ ಕೆಲಸಕ್ಕೆಂದು ಇಪ್ಪತ್ತೆಂಟರ ವಯಸ್ಸಿನಲ್ಲಿ ಬಂದಿಳಿದಿದ್ದ ಊರು ಅದೇ.