ಕನ್ನಡದ ಕಣ್ವ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು. ಹೆಸರಿನ ಮೊದಲಕ್ಷರ ಆ ಊರನ್ನೂ ಎರಡನೆಯದು ತಂದೆ ಮೈಲಾರಯ್ಯನವರನ್ನೂ ಸೂಚಿಸುತ್ತವೆ. ಅವರು ಹುಟ್ಟಿದುದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಬಾಲ್ಯ ಶ್ರೀರಂಗಪಟ್ಟಣದಲ್ಲಿ ಕಳೆಯಿತು. ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆ ಕಾಲದಲ್ಲಿ ಇಂಗ್ಲಿಷ್ ಬಲ್ಲವರಿಗೆ ಉದ್ಯೋಗವೂ ಗೌರವವೂ ಸುಲಭವಾಗಿ ದೊರೆಯುತ್ತಿದ್ದವು. ವಿದ್ಯಾವಂತರು ತಮ್ಮ ತಮ್ಮಲ್ಲಿ ಕನ್ನಡವಾಡಲು ಸಂಕೋಚಪಡುತ್ತಿದ್ದರು. ಕನ್ನಡ ಪಂಡಿತರಿಗೋ ಇಂಗ್ಲಿಷೆಂದರೆ ದೂರ. ಈ ಎರಡು ಗುಂಪುಗಳ ನಡುವೆ ನಿಂತವರು ಶ್ರೀಕಂಠಯ್ಯನವರು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಅವರು ಮಾಡಿದ ಭಾಷಣ ನಾಡಿನ ಗಮನ ಸೆಳೆಯಿತು. ಇಂಗ್ಲಿಷ್ ಪಾಠ ಹೇಳುವವರೇ ಕನ್ನಡದ ಪರವಾಗಿ ಮಾತನಾಡಿದುದು ಅಂದಿನವರಿಗೆ ಸೋಜಿಗವೆನಿಸಿದ್ದರೆ ಆಶ್ಚರ್ಯವಿಲ್ಲ.

ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರಬೇಕೆಂದು ಅವರು ಹೊರಟಾಗ ಎದುರಾದ ಮೊದಲ ತೊಡಕು ವಾಕ್ಯದ ಕಟ್ಟಡದ್ದೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಯ ಬದುವಿನಲ್ಲಿ ಕೇಳಿಬರುವ ಮಾತನ್ನೇ ತೆಗೆದುಕೊಳ್ಳಬಹುದು. ರೈತನು ಕಬ್ಬನ್ನು ಕಡಿದನು ಎಂಬಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂಬುದು ಕನ್ನಡದ ಕ್ರಮ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬಂದು ಕರ್ಮ ಕೊನೆಗೆ ಸರಿಯುತ್ತದೆ. ಕಬ್ಬನ್ನು ರೈತನು ಕಡಿದನು ಎಂದು ಪದಗಳನ್ನು ಹಿಂದುಮುಂದು ಮಾಡಿದರೂ ವಿಭಕ್ತಿ ಪ್ರತ್ಯಯ ಕನ್ನಡದ ಅರ್ಥವನ್ನು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಮಾಡಿದರೆ ಕಬ್ಬೇ ರೈತನನ್ನು ಕಡಿದೀತು! ಪ್ರಶ್ನೆಯ ವಿಷಯವೂ ಹೀಗೆಯೇ. ಬಂದನು ಎಂಬುದು ಬಂದನೇ ಎಂದಾದರೆ ನಮ್ಮಲ್ಲಿ ಪ್ರಶ್ನೆಯಾಯಿತು; ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದವೊಂದು ಕರ್ತೃವಿನ ಮುಂದೆ ಬಂದು ನಿಲ್ಲಬೇಕು. ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದವಾಗಿ ಇಳಿಸಿದರೆ ಅದು ಕನ್ನಡವಾಗುವುದಿಲ್ಲ.

ಶ್ರೀಯವರು ಈ ತೊಡಕನ್ನು ದಾಟಿದ ರೀತಿಯನ್ನು ಒಂದು ಪ್ರಾರ್ಥನೆಯಲ್ಲಿ ಕಾಣಬಹುದು. 1833ರಲ್ಲಿ ನ್ಯೂಮನ್ ಎಂಬ ಪಾದ್ರಿ ಬರೆದ ಆ ಇಂಗ್ಲಿಷ್ ಗೀತೆ ನಡೆಸು ಎಂಬ ವಿಧ್ಯರ್ಥಕ ಕ್ರಿಯಾಪದದಿಂದ ಮೊದಲಾಗುತ್ತದೆ. ಸಂಬೋಧನೆ ಅದರ ಹಿಂದೆ ಬರುತ್ತದೆ. ಕನ್ನಡದಲ್ಲಿ ಕ್ರಮ ತಿರುಗಿದೆ. ಮೊದಲು ಬೆಳಕಿನ ಕರುಣೆಯನ್ನು ಕರೆದು, ಬರಹೇಳಿ, ನಡೆಸೆಂಬ ಬೇಡಿಕೆಯನ್ನು ಸಾಲಿನ ತುದಿಗೆ, ಅಂದರೆ ಕನ್ನಡ ಕ್ರಿಯಾಪದದ ಸಹಜ ಸ್ಥಾನಕ್ಕೆ ಒಯ್ದಿದ್ದಾರೆ. ಆದುದರಿಂದಲೇ ಈ ಪ್ರಾರ್ಥನೆಯನ್ನು ಹಾಡುವ ಅನೇಕರಿಗೆ ಅದು ಅನುವಾದವೆಂಬುದೇ ತೋರುವುದಿಲ್ಲ.

ಛಂದಸ್ಸಿನ ತೊಡಕು ಇನ್ನೂ ದೊಡ್ಡದಾಗಿತ್ತು. ಸಾಲುಸಾಲಿಗೂ ಎರಡನೆಯ ಅಕ್ಷರ ಹೊಂದಬೇಕೆಂಬ ದ್ವಿತೀಯಾಕ್ಷರ ಪ್ರಾಸದ ನಿಯಮ ಶತಮಾನಗಳಿಂದ ನಡೆದುಬಂದಿತ್ತು. ಶ್ರೀಯವರು ಅದನ್ನು ಕೈಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಉಳಿಸಿಕೊಂಡು ಹೊಸ ಹೊಸ ಪದ್ಯರೂಪಗಳನ್ನು ಕಟ್ಟಿದರು. ಸಂಪ್ರದಾಯಸ್ಥರಿಗೆ ಇದು ಅಪಚಾರವಾಗಿ ಕಂಡಿತು. ತರುಣ ಕವಿಗಳಿಗೆ ಹೆದ್ದಾರಿಯಾಯಿತು. 1926ರಲ್ಲಿ ಬಂದ 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಹೊಸಗನ್ನಡ ಕಾವ್ಯದ ಬಾಗಿಲೆಂದು ಕರೆಯುವುದು ಉಚಿತವೇ ಆಗಿದೆ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಗ್ರೀಕ್ ರುದ್ರನಾಟಕದ ಜಾಡಿನಲ್ಲಿ 'ಅಶ್ವತ್ಥಾಮನ್' ಬರೆದರು, 'ಪಾರಸಿಕರು' ಅನುವಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದರ ಹಿಂದೆ ಅವರ ಶ್ರಮವಿತ್ತು. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನಿತ್ತರು. ಶಿಷ್ಯರ ಪ್ರತಿಭೆಯನ್ನು ಗುರುತಿಸಿ ಬೆಳೆಸಿದ ಕಾರಣ ಜನ ಅವರನ್ನು ಕನ್ನಡದ ಕಣ್ವ ಎಂದು ಕರೆದರು. ಜನರಿತ್ತ ಈ ಹೆಸರೇ ಹೆಚ್ಚು ಕಾಲ ಉಳಿಯಿತು.

ನಿವೃತ್ತರಾದ ಮೇಲೆಯೂ ವಿಶ್ರಾಂತಿಯನ್ನು ಬಯಸದೆ ಅವರು ಧಾರವಾಡಕ್ಕೆ ಹೋಗಿ ಕಾಲೇಜೊಂದರ ಪ್ರಿನ್ಸಿಪಾಲರಾದರು. ತರುಣರಾಗಿದ್ದಾಗ ಕನ್ನಡಕ್ಕಾಗಿ ಭಾಷಣ ಮಾಡಿದ್ದ ಅದೇ ಊರಿನಲ್ಲಿ, 1946ರ ಜನವರಿ 5ರಂದು, ಅರುವತ್ತೆರಡು ತುಂಬಿದ ಎರಡು ದಿನಗಳಲ್ಲಿ, ಅವರು ತೀರಿಕೊಂಡರು.